ಆಫೀಸಿಗೆ ದಿನಾ ಮಧ್ಯಾಹ್ನದ ಊಟ ಕೊಡುವುದು: ಒಪ್ಪಿಕೊಳ್ಳುವ ಮುಂಚೆ ಇಷ್ಟು ನೋಡಿಕೊಳ್ಳಿ

ಮದುವೆ, ನಾಮಕರಣ, ಗೃಹಪ್ರವೇಶಕ್ಕೆ ಅಡುಗೆ ಮಾಡಿ ಕೈ ಪಳಗಿದವರಿಗೆ ಒಂದಲ್ಲ ಒಂದು ದಿನ ಈ ಫೋನ್ ಬಂದೇ ಬರುತ್ತದೆ. "ನಮ್ಮ ಆಫೀಸಲ್ಲಿ 60 ಜನ ಇದ್ದಾರೆ, ದಿನಾ ಮಧ್ಯಾಹ್ನ ಊಟ ಕಳಿಸೋಕೆ ಆಗುತ್ತಾ?" ನನಗೂ ಹಾಗೇ ಬಂತು. ಖುಷಿಯಲ್ಲಿ ಅವತ್ತೇ ಹೂಂ ಅಂದೆ, ರೇಟನ್ನೂ ಅವತ್ತೇ ಹೇಳಿಬಿಟ್ಟೆ. ಮೊದಲ ಮೂರು ತಿಂಗಳು ಕಷ್ಟಪಟ್ಟಿದ್ದು ಆ ಆತುರದಿಂದಲೇ. ಬೆಂಗಳೂರಿನಲ್ಲಿ ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು, ಅದರಲ್ಲೂ ಮನೆ ಅಡುಗೆಯಿಂದ ಶುರು ಮಾಡಿ ಈಗ ಸಣ್ಣದೊಂದು ಅಡುಗೆಮನೆ ಬಾಡಿಗೆಗೆ ಹಿಡಿದವರು, ಅದೇ ದಾರಿಯಲ್ಲಿ ಎಡವಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಲೆಯಲ್ಲಿ ಕೂರಬೇಕಾದ ಮಾತು ಒಂದೇ. ಇದು ಮದುವೆ ಊಟ ಅಲ್ಲ. ಮದುವೆಗೆ ಬಂದವರು ಒಂದು ಹೊತ್ತು ಉಂಡು ಹೋಗುತ್ತಾರೆ. ಎಣ್ಣೆ, ತುಪ್ಪ, ಗೋಡಂಬಿ ಜಾಸ್ತಿ ಆದರೆ ಹೊಗಳುತ್ತಾರೆ. ಆಫೀಸಿನಲ್ಲಿ ಅದೇ 60 ಜನ ತಿಂಗಳಿಗೆ 22 ದಿನ ನಿಮ್ಮ ಕೈ ಅಡುಗೆ ಉಣ್ಣುತ್ತಾರೆ, ಉಂಡಮೇಲೆ ಮತ್ತೆ ಕುರ್ಚಿಗೆ ಹೋಗಿ ಸಂಜೆವರೆಗೆ ಕೂರಬೇಕು. ಮೊದಲ ವಾರ ನಾನು ದಿನಾ ಪನೀರ್, ದಿನಾ ಒಂದು ಸಿಹಿ, ಕರಿದ ಪದಾರ್ಥ ಅಂತ ಕಳಿಸಿದೆ. ಎಲ್ಲರೂ ಸೂಪರ್ ಅಂದರು. ಎರಡನೇ ವಾರ ಕೆಲವರು ಮನೆಯಿಂದ ಡಬ್ಬಿ ತರೋಕೆ ಶುರು ಮಾಡಿದರು. ಅಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ ಹತ್ತಿರ ಬಂದು, "ಅಕ್ಕ, ತಿಳಿಸಾರು ಮಾಡಿ ಸಾಕು" ಅಂದಳು. ಅವತ್ತಿಂದ ಅನ್ನ, ಸಾರು, ಮೊಸರು ಈ ಮೂರರ ಮೇಲೆ ನನ್ನ ಗಮನ. ಇವು ಮೂರೂ ಚೆನ್ನಾಗಿದ್ದು, ಬಿಸಿಯಾಗಿದ್ದು, ಹೊತ್ತಿಗೆ ಸರಿಯಾಗಿ ಮೇಜಿನ ಮೇಲೆ ಬಂದರೆ ಉಳಿದ ಕೊರತೆಗಳನ್ನು ಜನ ಕ್ಷಮಿಸುತ್ತಾರೆ.

ರೇಟು ಹೇಳುವ ಮುಂಚೆ ಆ ಆಫೀಸಿಗೆ ಹೋಗಿ ಬನ್ನಿ

ಹೋಗುವುದಾದರೆ ಮಧ್ಯಾಹ್ನ 12ರ ಹೊತ್ತಿಗೇ ಹೋಗಿ. ಬೆಳಗ್ಗೆ ಹೋದರೆ ಖಾಲಿ ಮೇಜು ಕಾಣುತ್ತದೆ, ಊಟದ ಗಲಾಟೆ ಕಾಣುವುದಿಲ್ಲ. ಗಾಡಿ ಎಲ್ಲಿ ನಿಲ್ಲಿಸಬೇಕು, ಗೇಟಿನಲ್ಲಿ ಪಾಸ್ ಮಾಡಿಸಬೇಕಾ, ಸಾಮಾನಿನ ಲಿಫ್ಟ್ ಬೇರೆ ಇದೆಯಾ, ಅದು ಎಷ್ಟು ಹೊತ್ತಿಗೆ ಸಿಗುತ್ತದೆ ಅಂತ ಕೇಳಿ. ತುಂಬಾ ಕಟ್ಟಡಗಳಲ್ಲಿ ಊಟದ ಪಾತ್ರೆಯನ್ನು ಜನರ ಲಿಫ್ಟಿನಲ್ಲಿ ಬಿಡುವುದಿಲ್ಲ. ಒಂದು ಕಡೆ ಸಾಮಾನಿನ ಲಿಫ್ಟ್ ಕೆಟ್ಟು, ನನ್ನ ಹುಡುಗರು ಏಳನೇ ಮಹಡಿಗೆ ಸಾಂಬಾರ್ ಪಾತ್ರೆ ಹೊತ್ತುಕೊಂಡು ಮೆಟ್ಟಿಲು ಹತ್ತಿದರು. ಬಿಸಿ ಸಾಂಬಾರ್ ಹಿಡಿದು ಮೆಟ್ಟಿಲು ಹತ್ತುವುದು ಎಂಥ ಅಪಾಯ ಅಂತ ಅವತ್ತು ಗೊತ್ತಾಯಿತು. ಈಗ ಲಿಫ್ಟ್ ಕೆಟ್ಟರೆ ಏನು ಮಾಡಬೇಕು ಅನ್ನುವುದನ್ನು ಮೊದಲೇ ಬರೆಸಿಕೊಳ್ಳುತ್ತೇನೆ.

ಊಟದ ಜಾಗದಲ್ಲಿ ಕುರ್ಚಿ ಎಣಿಸಿ. 60 ಜನ ಉಣ್ಣುವ ಕಡೆ 24 ಕುರ್ಚಿ ಇದ್ದರೆ ಮೂರು ಪಂಕ್ತಿ ಆಗುತ್ತದೆ, ಅಂದರೆ ನಿಮ್ಮ ಊಟ ಒಂದೂವರೆ ಗಂಟೆಯಾದರೂ ಬಿಸಿಯಾಗಿ ಇರಬೇಕು. ಇದೊಂದು ಲೆಕ್ಕದಿಂದ ಪಾತ್ರೆಯಿಂದ ಹಿಡಿದು ಬಡಿಸುವವರ ಸಂಖ್ಯೆವರೆಗೆ ಎಲ್ಲ ಬದಲಾಗುತ್ತದೆ. ಪ್ಲಗ್ ಪಾಯಿಂಟ್ ಎಲ್ಲಿದೆ ನೋಡಿ. ಆಫೀಸ್ ಕಟ್ಟಡದೊಳಗೆ ಬೆಂಕಿ ಹಚ್ಚೋಕೆ ಸಾಮಾನ್ಯವಾಗಿ ಬಿಡುವುದಿಲ್ಲ, ಹಾಗಾಗಿ ಕೆಳಗೆ ಉರಿ ಇಡುವ ಬುಫೆ ಪಾತ್ರೆ ನಂಬಿಕೊಂಡರೆ ಆಗುವುದಿಲ್ಲ. ಕರೆಂಟಿನಲ್ಲಿ ನೀರು ಕಾಯಿಸಿ ಅದರೊಳಗೆ ಪಾತ್ರೆ ಇಡುವ ಬೇನ್ ಮರಿ ಬೇಕು.

ಆಮೇಲೆ ಮುಖ್ಯವಾದ ಪ್ರಶ್ನೆ. 60 ಅಂದರೆ ಯಾವ 60? ರಿಜಿಸ್ಟರಿನಲ್ಲಿ ಇರುವವರಾ, ದಿನಾ ಬರುವವರಾ? ಈಗ ಎಷ್ಟೋ ಆಫೀಸುಗಳಲ್ಲಿ ವಾರಕ್ಕೆ ಎರಡು ದಿನ, ಮೂರು ದಿನ ಬಂದರೆ ಸಾಕು. ನನ್ನ ಮೊದಲ ಆಫೀಸಿನಲ್ಲಿ 60 ಅಂದಿದ್ದರು. ಬುಧವಾರ 57 ಜನ ಉಂಡರು, ಶುಕ್ರವಾರ 38. ಹೋದ ತಿಂಗಳು ಯಾವ್ಯಾವ ದಿನ ಎಷ್ಟೆಷ್ಟು ಜನ ಬಂದಿದ್ದರು ಅಂತ ಪಟ್ಟಿ ಕೇಳಿ, ಎಚ್‌ಆರ್ ಹತ್ತಿರ ಇರುತ್ತದೆ. ಕೇಳೋಕೆ ಸಂಕೋಚ ಬೇಡ.

ಕಾಗದಪತ್ರ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಆದರೆ ಬಿಟ್ಟುಬಿಡಬೇಡಿ. ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನಂಬರ್ ಇಲ್ಲದೆ ಒಂದು ತಟ್ಟೆಯನ್ನೂ ಮಾರುವ ಹಾಗಿಲ್ಲ. ವಹಿವಾಟು ಸಣ್ಣದಿದ್ದರೆ ನೋಂದಣಿ, ದೊಡ್ಡದಾದರೆ ಲೈಸೆನ್ಸ್. ಎರಡಕ್ಕೂ ಅವರ ಫಾಸ್ಕಾಸ್ ಅನ್ನುವ ಆನ್‌ಲೈನ್ ಪೋರ್ಟಲ್‌ನಲ್ಲೇ ಅರ್ಜಿ, ನೀವು ಯಾವುದಕ್ಕೆ ಬರುತ್ತೀರಿ ಅಂತ ಅಲ್ಲೇ ನೋಡಬಹುದು. 14 ಅಂಕಿಯ ಆ ನಂಬರ್ ಬಿಲ್ಲಿನ ಮೇಲೂ ಇರಬೇಕು. ಅಡುಗೆ ಮಾಡುವವರಿಗೆ, ಬಡಿಸುವವರಿಗೆ ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ ಮಾಡಿಸಿ. ಬೋರ್ ನೀರೋ ಟ್ಯಾಂಕರ್ ನೀರೋ ಬಳಸುತ್ತಿದ್ದರೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದ ರಿಪೋರ್ಟ್ ಇಟ್ಟುಕೊಳ್ಳಿ. ದೊಡ್ಡ ಆಫೀಸಿನವರು ಇದನ್ನೆಲ್ಲ ಕೇಳಿಯೇ ಕೇಳುತ್ತಾರೆ. ಪಾಲಿಕೆಯ ಉದ್ದಿಮೆ ಪರವಾನಗಿ ಬೇಕು. ಗ್ಯಾಸ್ ವಿಷಯಕ್ಕೆ ಬಂದರೆ, ಮನೆಯ 14.2 ಕೆಜಿ ಸಿಲಿಂಡರ್ ಈ ಕೆಲಸಕ್ಕೆ ಬಳಸುವುದು ಕಾನೂನಿಗೆ ವಿರುದ್ಧ. 19 ಕೆಜಿಯ ಕಮರ್ಷಿಯಲ್ ಸಿಲಿಂಡರನ್ನೇ ತಗೊಳ್ಳಿ, ರೇಟನ್ನು ಅದರ ಬೆಲೆ ಇಟ್ಟುಕೊಂಡೇ ಕಟ್ಟಿ.

ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಯಾಕೆ ಬೇಕು ಅನ್ನುವುದನ್ನು ಮುಂದೆ ಹೇಳುತ್ತೇನೆ.

ರೇಟು ಕಟ್ಟುವುದು

ಎಲ್ಲರೂ ಅಕ್ಕಿ, ಬೇಳೆ, ತರಕಾರಿ ಲೆಕ್ಕ ಹಾಕಿ ಅದರ ಮೇಲೆ ಒಂದಿಷ್ಟು ಇಟ್ಟು ರೇಟು ಹೇಳುತ್ತಾರೆ. ನಾನೂ ಹಾಗೇ ಮಾಡಿದ್ದೆ. ಉದಾಹರಣೆಗೆ ಒಂದು ಊಟ 110 ರೂಪಾಯಿ ಅಂತ ಇಟ್ಟುಕೊಳ್ಳಿ. ದಿನಸಿ, ತರಕಾರಿ, ಮೊಸರು ಸೇರಿ 48. ಗ್ಯಾಸ್ 5. ಅಡುಗೆಯವರು, ಸಹಾಯಕರು, ಬಡಿಸುವವರ ಸಂಬಳ 22. ಗಾಡಿ 10. ಬಾಡಿಗೆ, ಕರೆಂಟು, ನೀರು 8. ಸೋಪು, ಟಿಶ್ಯೂ, ಮುರಿಯುವುದು, ಕಳೆಯುವುದು, ಉಳಿದು ಹೋಗುವುದು 5. ಎಲ್ಲ ಸೇರಿ 98 ಆಯಿತು. ಕೈಗೆ ಉಳಿಯುವುದು 12 ರೂಪಾಯಿ. ನಿಮ್ಮ ಏರಿಯಾದಲ್ಲಿ ಅಂಕಿಗಳು ಬೇರೆ ಇರಬಹುದು, ಆದರೆ ಇಷ್ಟೂ ಸಾಲುಗಳು ನಿಮ್ಮ ಹಾಳೆಯಲ್ಲಿ ಇರಲೇಬೇಕು. ನಿಮ್ಮ ಸ್ವಂತ ದುಡಿಮೆಗೂ ಒಂದು ಸಂಬಳ ಹಾಕಿಕೊಳ್ಳಿ. ಬೆಳಗ್ಗೆ 5ಕ್ಕೆ ಏಳುವವರು ನೀವೇ ತಾನೆ?

ಈಗ ದುಡ್ಡು ಕೈಗೆ ಬರುವ ಲೆಕ್ಕ. ಇಲ್ಲಿಯೇ ಹೊಸಬರು ಮುಳುಗುವುದು. 60 ಊಟ, 22 ದಿನ ಅಂದರೆ 1,320 ಊಟ. ತಿಂಗಳ ಖರ್ಚು 1,29,360 ರೂಪಾಯಿ. ಬಿಲ್ಲು ಕೊಡುವುದು ತಿಂಗಳ ಕೊನೆಗೆ. ಅವರು 45 ದಿನಕ್ಕೆ ಕೊಡುತ್ತೇವೆ ಅಂದರೆ ಮೊದಲ ರೂಪಾಯಿ ನಿಮ್ಮ ಖಾತೆಗೆ ಬೀಳುವುದು ಸುಮಾರು 75ನೇ ದಿನ. ಅಲ್ಲಿವರೆಗೆ ಎರಡೂವರೆ ತಿಂಗಳ ಖರ್ಚು, ಅಂದರೆ 3,23,400 ರೂಪಾಯಿ, ನಿಮ್ಮ ಜೇಬಿನಿಂದಲೇ ಹೋಗಬೇಕು. ದಿನಸಿ ಅಂಗಡಿಯವರು ಒಂದು ತಿಂಗಳು ಸಾಲ ಕೊಡಬಹುದು. ತರಕಾರಿಯವರು, ಹಾಲಿನವರು ಕೊಡುವುದಿಲ್ಲ. ಸಂಬಳವಂತೂ ಒಂದು ದಿನವೂ ತಡ ಮಾಡುವ ಹಾಗಿಲ್ಲ, ಮಾಡಲೂ ಬಾರದು. ಅದಕ್ಕೇ 15 ದಿನಕ್ಕೊಂದು ಬಿಲ್ಲು, ಬಿಲ್ಲಿನಿಂದ 15 ದಿನಕ್ಕೆ ಹಣ ಅಂತ ಕೇಳಿ. ಸ್ವಲ್ಪ ಮುಂಗಡ ಕೇಳುವುದೂ ತಪ್ಪಲ್ಲ.

ಉದ್ಯಮ್ ನೋಂದಣಿ ಇಲ್ಲಿ ಕೆಲಸಕ್ಕೆ ಬರುತ್ತದೆ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಒಪ್ಪಂದ ಏನೇ ಇದ್ದರೂ ನಿಮ್ಮಂಥ ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕು. ಬರೆದ ಒಪ್ಪಂದವೇ ಇಲ್ಲದಿದ್ದರೆ 15 ದಿನ. ಒಂದು ಕಂಪನಿ ನನ್ನ ಬಿಲ್ಲನ್ನು ನಾಲ್ಕು ತಿಂಗಳು ಎಳೆದಾಡಿತು. ಉದ್ಯಮ್ ನಂಬರ್ ಹಾಕಿ ಒಂದು ಪತ್ರ ಬರೆದ ಮೇಲೆ ಹತ್ತು ದಿನದಲ್ಲಿ ಹಣ ಬಂತು.

ಜಿಎಸ್‌ಟಿ ಬಗ್ಗೆ ಒಂದು ಮಾತು. ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕು. ಮೇಲಿನ ಲೆಕ್ಕದಲ್ಲಿ ಒಂದೇ ಆಫೀಸಿನಿಂದ ವರ್ಷಕ್ಕೆ 17 ಲಕ್ಷ ಚಿಲ್ಲರೆ ಆಗುತ್ತದೆ. ಎರಡನೇ ಆಫೀಸು ಹಿಡಿದ ತಕ್ಷಣ ದಾಟಿದಿರಿ ಅಂತಲೇ ತಿಳಿದುಕೊಳ್ಳಿ. ಇಂಥ ಊಟದ ಸೇವೆಗೆ ತೆರಿಗೆ 5%, ಆದರೆ ನೀವು ಪಾತ್ರೆಗೆ, ಗ್ಯಾಸಿಗೆ ಕಟ್ಟಿದ ತೆರಿಗೆ ವಾಪಸ್ ಸಿಗುವುದಿಲ್ಲ. ಅದನ್ನು ಖರ್ಚಿಗೇ ಸೇರಿಸಿ. ಸ್ವಂತ ಹೆಸರಿನಲ್ಲಿ ವ್ಯಾಪಾರ ಮಾಡುತ್ತಿದ್ದರೆ ಕಂಪನಿಯವರು ಬಿಲ್ಲಿನಲ್ಲಿ 1% ಟಿಡಿಎಸ್, ಅಂದರೆ ಮುಂಚಿತವಾಗಿ ಕಟ್ಟುವ ಆದಾಯ ತೆರಿಗೆ, ಹಿಡಿದು ಕೊಡುತ್ತಾರೆ, ಗಾಬರಿ ಬೇಡ, ಆದಾಯ ತೆರಿಗೆ ರಿಟರ್ನ್ ಹಾಕುವಾಗ ಅದು ನಿಮ್ಮ ಲೆಕ್ಕಕ್ಕೇ ಬರುತ್ತದೆ.

ಒಪ್ಪಂದದಲ್ಲಿ ಎರಡು ಸಾಲು ಬಿಡಲೇಬೇಡಿ. ಒಂದು, ಎಷ್ಟೇ ಜನ ಉಂಡರೂ ಇಂತಿಷ್ಟು ಊಟದ ಹಣ ಕೊಡಬೇಕು ಅನ್ನುವುದು. ಅವರು ಹೇಳಿದ ಸಂಖ್ಯೆಯ 80% ನಾನು ಕೇಳುತ್ತೇನೆ. ಎರಡು, ನಾಳೆಯ ಸಂಖ್ಯೆ ಇವತ್ತು ಸಂಜೆ 5ರೊಳಗೆ ಹೇಳಬೇಕು ಅನ್ನುವುದು. ರಾತ್ರಿ 10ಕ್ಕೆ "ನಾಳೆ ಎಲ್ಲರೂ ಮನೆಯಿಂದ ಕೆಲಸ" ಅಂತ ಮೆಸೇಜ್ ಬಂದರೆ ಆ ಹೊತ್ತಿಗೆ ತರಕಾರಿ ಬಂದಿರುತ್ತದೆ, ಕಾಳು ನೆನೆಯುತ್ತಿರುತ್ತದೆ.

ಮೆನು

ನನಗೆ ಇಷ್ಟವಾದ ಭಾಗ ಇದು. ನಾಲ್ಕು ವಾರದ ಮೆನು ಬರೆದುಕೊಳ್ಳಿ. ಒಂದೇ ವಾರದ್ದನ್ನು ತಿರುಗಿಸಿದರೆ ಮಂಗಳವಾರ ಅಂದ ತಕ್ಷಣ ಜನಕ್ಕೆ ಏನು ಬರುತ್ತದೆ ಅಂತ ಗೊತ್ತಾಗಿ ಆಸೆ ಸತ್ತುಹೋಗುತ್ತದೆ. ಒಂದು ತರಕಾರಿ ಮೂರು ದಿನದೊಳಗೆ ಮತ್ತೆ ಬರಬಾರದು, ಪಲ್ಯದಲ್ಲಿ ಬಂದದ್ದು ಮಾರನೇ ದಿನ ಸಾಂಬಾರಿನಲ್ಲೂ ಬರಬಾರದು. ಆಲೂಗಡ್ಡೆಯ ಮೊರೆ ಹೋಗುವುದು ಸುಲಭ, ವಾರಕ್ಕೆ ಒಂದೇ ಸಲ ಅಂತ ಕಟ್ಟುನಿಟ್ಟು ಮಾಡಿಕೊಳ್ಳಿ. ಗೋರಿಕಾಯಿ, ಹೀರೆಕಾಯಿ, ಸೀಮೆಬದನೆ, ಸೋರೆಕಾಯಿ ಅಂದರೆ ಆಫೀಸಿನವರು ಮೂಗು ಮುರಿಯುತ್ತಾರೆ ಅಂತ ಅಡುಗೆಯವರು ಹೇಳುತ್ತಾರೆ. ನಂಬಬೇಡಿ. ಹೀರೆಕಾಯಿ ಸಿಪ್ಪೆ ಚಟ್ನಿ ಮಾಡಿ ಕಳಿಸಿದ ದಿನ ನನ್ನ ಪಾತ್ರೆ ತೊಳೆದಿಟ್ಟ ಹಾಗೆ ವಾಪಸ್ ಬಂದಿದೆ.

ಒಂದು ವಾರ ಹೀಗಿರಬಹುದು. ಸೋಮವಾರ ಚಪಾತಿ, ಹುರುಳಿಕಾಯಿ ಪಲ್ಯ, ಅನ್ನ, ನುಗ್ಗೆಕಾಯಿ ಹುಳಿ, ಮೊಸರು. ಮಂಗಳವಾರ ಚಪಾತಿ ಜೊತೆ ರಾಜ್ಮಾ, ಅನ್ನ, ನಿಂಬೆ ಸಾರು, ಕೋಸಂಬರಿ. ಬುಧವಾರ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಅನ್ನ, ಸಾರು, ಮಜ್ಜಿಗೆ. ಗುರುವಾರ ಸೊಪ್ಪು ಕಾಳು ಬೇಯಿಸಿ ಬಸಿದು ಬಸ್ಸಾರು, ಅದೇ ಸೊಪ್ಪು ಕಾಳಿನ ಪಲ್ಯ. ಒಂದೇ ಬೇಯಿಸುವಿಕೆಯಲ್ಲಿ ಎರಡು ಪದಾರ್ಥ, ಖರ್ಚೂ ಕಮ್ಮಿ, ಊಟವೂ ಹಗುರ. ಶುಕ್ರವಾರ ಜನ ಕಮ್ಮಿ ಇರುತ್ತಾರೆ, ಅವತ್ತು ಬಿಸಿಬೇಳೆಬಾತ್, ಬೂಂದಿ, ಮೊಸರನ್ನ, ಒಂದು ಸಣ್ಣ ಸಿಹಿ. ಸಿಹಿ ವಾರಕ್ಕೆ ಒಂದು ಸಾಕು.

ರೊಟ್ಟಿ ವಿಷಯದಲ್ಲಿ ಒಂದು ಉಪಾಯ. ಮೆತ್ತನೆ ರೊಟ್ಟಿ ದಾರಿಯಲ್ಲಿ ರಬ್ಬರಿನಂತೆ ಆಗುತ್ತದೆ. ಉತ್ತರ ಕರ್ನಾಟಕದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಗುಂಪುಗಳಿಂದ ಕಟ್ಟಿನಲ್ಲೇ ತರಿಸಬಹುದು. ಬೆಳಗ್ಗೆ ಒಂದು ಕೆಲಸ ಕಮ್ಮಿಯಾಯಿತು, ಅವರಿಗೂ ನಾಲ್ಕು ಕಾಸು ಆಯಿತು. ರಾಗಿಮುದ್ದೆ ಕೇಳುವವರು ಇದ್ದೇ ಇರುತ್ತಾರೆ, ಮೈಸೂರು ಮಂಡ್ಯ ಕಡೆಯವರಿದ್ದರಂತೂ ದಿನಾ ಕೇಳುತ್ತಾರೆ. ಮುದ್ದೆ ಆರಿದರೆ ಗಟ್ಟಿಯಾಗುತ್ತದೆ. ದೂರದ ಆಫೀಸಾದರೆ ಆಗಲ್ಲ ಅಂತ ನೇರವಾಗಿ ಹೇಳಿಬಿಡಿ.

ಸಾಂಬಾರಿಗೆ ಬೆಲ್ಲ ಹಾಕುವುದು ನಮ್ಮಲ್ಲಿ ರೂಢಿ. ಆಂಧ್ರದವರು, ತಮಿಳುನಾಡಿನವರು ಸಿಹಿ ಅಂತಾರೆ. ಉತ್ತರ ಭಾರತದವರಿಗೆ ಹುಳಿಯೇ ಬೇಡ. ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ರುಚಿ ಕೂರಿಸೋಕೆ ಆಗುವುದಿಲ್ಲ. ಬೆಲ್ಲ ಒಂಚೂರು ಮಾತ್ರ ಹಾಕಿ, ಖಾರ ಹದವಾಗಿಡಿ. ಪಕ್ಕದಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ, ಮಜ್ಜಿಗೆ ಮೆಣಸಿನಕಾಯಿ ಇಡಿ, ಬೇಕಾದವರು ಹಾಕಿಕೊಳ್ಳುತ್ತಾರೆ. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ ಸಾಕು, ಬಾಟಲಿ ಬಣ್ಣ ಬೇಡ. ಜೈನರು ಇದ್ದರೆ ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆ ಇಲ್ಲದ ಒಂದು ಪಲ್ಯ ಬೇರೆ ತೆಗೆದಿಡಿ. ಶೇಂಗಾ, ಗೋಡಂಬಿ ಹಾಕಿದ ಪದಾರ್ಥದ ಮುಂದೆ ಚೀಟಿ ಇಡಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು. ಅದು ಒಗ್ಗದವರಿಗೆ ಇದು ಜೀವದ ವಿಷಯ. ಮಾಂಸದ ಅಡುಗೆ ಕೊಡುವುದಾದರೆ ಪಾತ್ರೆ, ಸೌಟು, ಮೇಜು ಎಲ್ಲವೂ ಬೇರೆ. ಶ್ರಾವಣ, ನವರಾತ್ರಿ, ರಂಜಾನ್ ತಿಂಗಳಲ್ಲಿ ಸಂಖ್ಯೆ ಏರುಪೇರಾಗುತ್ತದೆ, ಮೊದಲೇ ಕೇಳಿಕೊಳ್ಳಿ.

ಬೆಲೆ ಏರಿದಾಗ ಮೆನು ಬದಲಿಸುವ ಸ್ವಾತಂತ್ರ್ಯ ನಿಮಗಿರಲಿ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ 100 ರೂಪಾಯಿ ದಾಟಿತ್ತು, ನೆನಪಿದೆ ಅಲ್ವಾ? ಅಂಥ ಹೊತ್ತಿನಲ್ಲಿ ಹುಣಸೆ ಸಾರು, ನಿಂಬೆ ಸಾರು, ಮಜ್ಜಿಗೆ ಹುಳಿ ನಮ್ಮನ್ನು ಕಾಪಾಡುತ್ತವೆ. ಅವರೆಕಾಯಿ ಕಾಲದಲ್ಲಿ, ಡಿಸೆಂಬರ್ ಜನವರಿಯಲ್ಲಿ, ಹಿತಕವರೆಬೇಳೆ ಸಾರು ಮಾಡದೆ ಇರಬೇಡಿ. ಸುಲಿಯೋಕೆ ಕೈ ಜಾಸ್ತಿ ಬೇಕು, ಆದರೆ ಅದರ ಘಮಕ್ಕೇ ಜನ ಮೇಜಿನ ಹತ್ತಿರ ಬಂದು ನಿಲ್ಲುತ್ತಾರೆ.

ಎಷ್ಟು ಮಾಡಬೇಕು

60 ಜನಕ್ಕೆ ನನ್ನ ಅಳತೆ ಹೇಳುತ್ತೇನೆ. ಚಪಾತಿ ಇದ್ದರೆ ಅಕ್ಕಿ ತಲೆಗೆ 100 ಗ್ರಾಂ, ಅಂದರೆ 6 ಕೆಜಿ. ಚಪಾತಿ ಇಲ್ಲದ ದಿನ ಏಳೂವರೆ ಕೆಜಿ. ಸೋನಾ ಮಸೂರಿಯಾದರೆ ಹೊಸ ಅಕ್ಕಿ ಬೇಡ, ಮುದ್ದೆಯಾಗುತ್ತದೆ. ಹಳೆ ಅಕ್ಕಿ ಕೇಳಿ ತಗೊಳ್ಳಿ. ಹುಳಿಗೆ ತೊಗರಿಬೇಳೆ ಒಂದೂವರೆ ಕೆಜಿ. ಪಲ್ಯಕ್ಕೆ ಹೆಚ್ಚಿದ ತರಕಾರಿ 5 ಕೆಜಿ, ಅದಕ್ಕೆ 6 ಕೆಜಿ ತರಬೇಕು. ಚಪಾತಿ ತಲೆಗೆ ಎರಡು, ಮೇಲೆ ಒಂದು ಹತ್ತು, ಹಿಟ್ಟು 4 ಕೆಜಿ. ಮೊಸರು ನಾಲ್ಕೂವರೆ ಲೀಟರ್. ಕೋಸಂಬರಿಗೆ ಹೆಸರುಬೇಳೆ 600 ಗ್ರಾಂ. ಒಟ್ಟು ಎಣ್ಣೆ ಒಂದು ಲೀಟರ್ ಸುತ್ತಮುತ್ತ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ, ಅದಕ್ಕೆ 2018ರಿಂದ ಕಾನೂನಿನ ಮಿತಿಯೇ ಇದೆ. ಕಪ್ಪಾದ ಎಣ್ಣೆ ಅಂದರೆ ಅದರ ಕೆಲಸ ಮುಗಿಯಿತು.

ಇದು ಶುರುವಿನ ಅಳತೆ. ಹುಡುಗರೇ ಜಾಸ್ತಿ ಇರುವ ಆಫೀಸಿನಲ್ಲಿ ಅನ್ನ ಜಾಸ್ತಿ ಹೋಗುತ್ತದೆ. ಗೋದಾಮು, ಕಾರ್ಖಾನೆ ಇರುವ ಪೀಣ್ಯದ ಕಡೆ ಕೊಟ್ಟರೆ ತಲೆಗೆ 150 ಗ್ರಾಂ ಅಕ್ಕಿಯೂ ಬೇಕಾಗುತ್ತದೆ. ದಿನವಿಡೀ ಮೈ ಬಗ್ಗಿಸಿ ದುಡಿಯುವವರಿಗೆ ಅಳೆದು ಬಡಿಸಬಾರದು.

ಬೆಳಗಿನ ಹೊತ್ತು

ನನ್ನ ಅಡುಗೆಮನೆ ಬನಶಂಕರಿ ಕಡೆ, ಆಫೀಸು ಬೆಳ್ಳಂದೂರಿನ ಹತ್ತಿರ. ಮಧ್ಯದಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್. ಊಟ 12.30ಕ್ಕೆ. ಗಾಡಿ 10.30ಕ್ಕೆ ಹೊರಡಲೇಬೇಕು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಒಲೆ ಹಚ್ಚುವುದು 5.30ಕ್ಕೆ. ಬೇಳೆ, ಕಾಳು ಮೊದಲು. ಆಮೇಲೆ ಮಸಾಲೆ ರುಬ್ಬುವುದು, ಹುಳಿ, ಸಾರು. 8ಕ್ಕೆ ಚಪಾತಿಯವರು ಕೂರುತ್ತಾರೆ. ಪಲ್ಯ 9ರ ಮೇಲೆ. ಅನ್ನ ಕೊನೆಗೆ, 9.45ಕ್ಕೆ. ಹೊಸಬರು ಅನ್ನವೊಂದು ಆಗಿಬಿಡಲಿ ಅಂತ 8ಕ್ಕೇ ಇಟ್ಟುಬಿಡುತ್ತಾರೆ. ಅದು ದೊಡ್ಡ ತಪ್ಪು. ಬೆಂದ ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅದರಲ್ಲಿ ರೋಗಾಣು ಬೆಳೆಯುತ್ತದೆ, ಮತ್ತೆ ಬಿಸಿ ಮಾಡಿದರೂ ಅದರ ವಿಷ ಹೋಗುವುದಿಲ್ಲ. ಅನ್ನದಿಂದಲೂ ವಾಂತಿ ಭೇದಿ ಆಗುತ್ತದೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ನಿಯಮ ಸರಳ. ಬಿಸಿ ಪದಾರ್ಥ 60 ಡಿಗ್ರಿಗಿಂತ ಮೇಲೇ ಇರಬೇಕು, ತಣ್ಣನೆಯದು 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ. ಮಧ್ಯದಲ್ಲಿ ನಿಲ್ಲಬಾರದು. ಪದಾರ್ಥದೊಳಗೆ ಚುಚ್ಚಿ ನೋಡುವ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಪಾತ್ರೆ ಮುಚ್ಚುವಾಗ ಒಂದು ಸಲ, ಅಲ್ಲಿ ತೆರೆದಾಗ ಒಂದು ಸಲ ನೋಡಿ ಬರೆದಿಡಿ. ಹಾಟ್ ಬಾಕ್ಸಿಗೆ ಅಡುಗೆ ತುಂಬುವ ಮುಂಚೆ ಕುದಿಯುವ ನೀರು ಹಾಕಿ ಹತ್ತು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ತುಂಬಿ. ಇದೊಂದರಿಂದಲೇ ಬಿಸಿ ಎಷ್ಟೋ ಹೊತ್ತು ಜಾಸ್ತಿ ನಿಲ್ಲುತ್ತದೆ.

ದಾರಿಯಲ್ಲಿ ಅಡುಗೆ ಬದಲಾಗುತ್ತದೆ, ಅದನ್ನು ನೆನಪಿಟ್ಟುಕೊಂಡೇ ಮಾಡಬೇಕು. ಹುಳಿ ಕೂತಷ್ಟೂ ಗಟ್ಟಿಯಾಗುತ್ತದೆ, ಮನೆಯಲ್ಲಿ ಮಾಡುವುದಕ್ಕಿಂತ ಸ್ವಲ್ಪ ತೆಳ್ಳಗೇ ಇಳಿಸಿ. ಬಿಸಿಬೇಳೆಬಾತ್ ಇನ್ನೂ ಬೇಗ ಬಿಗಿಯುತ್ತದೆ, ಫ್ಲಾಸ್ಕಿನಲ್ಲಿ ಕುದಿನೀರು ಕಳಿಸಿ ಅಲ್ಲಿ ಸಡಿಲ ಮಾಡಬೇಕು. ಚಪಾತಿಯನ್ನು ಹೆಂಚಿನಿಂದ ತೆಗೆದ ತಕ್ಷಣ ಒಂದರ ಮೇಲೊಂದು ಇಟ್ಟರೆ ಬೆವರುತ್ತದೆ. ಒಂದು ಕ್ಷಣ ಹಬೆ ಹೋಗಲು ಬಿಟ್ಟು, ಬಿಳಿ ಹತ್ತಿ ಬಟ್ಟೆ ಹಾಸಿ ಜೋಡಿಸಿ. ನ್ಯೂಸ್‌ಪೇಪರ್ ಮಾತ್ರ ಬೇಡ, ಅದರ ಶಾಯಿ ಊಟಕ್ಕೆ ಹತ್ತುತ್ತದೆ. ಬೀನ್ಸ್, ಕ್ಯಾರೆಟ್ ಒಂದು ಹದ ಮುಂಚೆಯೇ ಇಳಿಸಿ, ಹಾಟ್ ಬಾಕ್ಸಿನೊಳಗೆ ಉಳಿದದ್ದು ಬೇಯುತ್ತದೆ. ಹಪ್ಪಳ ಕೊನೆಗೆ ಕರಿದು ಗಾಳಿಯಾಡದ ಡಬ್ಬಿಗೆ.

ಕಾಯಿತುರಿ ಬಗ್ಗೆ ಜೋಪಾನ. ಒಂದು ಏಪ್ರಿಲ್‌ನಲ್ಲಿ ಎಲೆಕೋಸಿನ ಪಲ್ಯಕ್ಕೆ ಹಸಿ ಕಾಯಿ ಹಾಕಿ ಕಳಿಸಿದ್ದೆ. ಮುಚ್ಚಳ ತೆಗೆದರೆ ಹುಳಿ ವಾಸನೆ. ಬಡಿಸುವ ಅಮ್ಮ ಮೂಸಿ ನೋಡಿ ಪಾತ್ರೆಯನ್ನೇ ಬದಿಗೆ ತೆಗೆದಿಟ್ಟರು, ಅವರ ಪುಣ್ಯದಿಂದ ಯಾರಿಗೂ ಏನೂ ಆಗಲಿಲ್ಲ. ಅವತ್ತು ಪಲ್ಯವಿಲ್ಲದ ಊಟ ಕೊಟ್ಟು ಕ್ಷಮೆ ಕೇಳಿದೆವು, ಆ ದಿನದ ಬಿಲ್ಲನ್ನೂ ಹಾಕಲಿಲ್ಲ. ಈಗ ಬೇಸಿಗೆಯಲ್ಲಿ ಹಸಿ ಕಾಯಿಯನ್ನು ಹುರಿದು ಹಾಕುತ್ತೇನೆ, ಇಲ್ಲವೇ ಬಿಟ್ಟೇಬಿಡುತ್ತೇನೆ. ಮೊಸರನ್ನಕ್ಕೆ ಹಾಲೇ ಜಾಸ್ತಿ, ಮೊಸರು ಎರಡು ಸೌಟು. ಉಣ್ಣುವ ಹೊತ್ತಿಗೆ ಹದವಾಗಿ ಮೊಸರಾಗಿರುತ್ತದೆ. ಬರೀ ಮೊಸರನ್ನು ಐಸ್ ಡಬ್ಬಿಯಲ್ಲೇ ಕಳಿಸಿ.

ಹೊರಡುವ ಮುಂಚೆ ಒಬ್ಬರು ಕೂತು ಪೂರ್ತಿ ಒಂದು ತಟ್ಟೆ ಊಟ ಮಾಡಬೇಕು. ಸೌಟಿನಿಂದ ಅಂಗೈಗೆ ಹಾಕಿಕೊಂಡು ನೆಕ್ಕಿದರೆ ಉಪ್ಪು ತಿಳಿಯುತ್ತದೆ, ಊಟ ತಿಳಿಯುವುದಿಲ್ಲ. ಅನ್ನಕ್ಕೆ ಕಲಸಿದಾಗ ಸಾರು ಸಪ್ಪೆಯಾಗುವುದು ಆಗಲೇ ಗೊತ್ತಾಗುವುದು. ಪ್ರತಿ ಪದಾರ್ಥದ ಒಂದು ಸಣ್ಣ ಡಬ್ಬಿಯನ್ನು ತಾರೀಕು ಬರೆದು ಫ್ರಿಜ್‌ನಲ್ಲಿ ಎರಡು ದಿನ ಇಡಿ. ಯಾರಿಗಾದರೂ ಹೊಟ್ಟೆ ಕೆಟ್ಟಿತು ಅಂತ ಫೋನ್ ಬಂದರೆ ಪರೀಕ್ಷೆಗೆ ಕೊಡೋಕೆ ಅದು ಬೇಕು.

ಬಡಿಸುವುದು, ಉಳಿದದ್ದು

ಪ್ಲಾಸ್ಟಿಕ್ ತಟ್ಟೆ, ಚಮಚ, ಲೋಟ ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧ ಆಗಿದೆ. ಅಡಿಕೆ ಹಾಳೆ ತಟ್ಟೆ ಚಂದ, ಆದರೆ ದಿನಾ 60 ಅಂದರೆ ಖರ್ಚೂ ಜಾಸ್ತಿ, ಕಸವೂ ಜಾಸ್ತಿ. ಸ್ಟೀಲ್ ತಟ್ಟೆ ತಗೊಳ್ಳಿ. ತಟ್ಟೆ ಅಲ್ಲೇ ತೊಳೆಯೋಕೆ ಜಾಗ ಕೊಡುತ್ತಾರಾ, ನೀವು ವಾಪಸ್ ತರಬೇಕಾ ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ.

ಬಡಿಸೋಕೆ ಇಬ್ಬರು ಬೇಕು, ಅದರಲ್ಲಿ ಒಬ್ಬರು ದಿನಾ ಅವರೇ ಇರಬೇಕು. ಅವರಿಗೆ ಯಾರು ಏನು ಉಣ್ಣುತ್ತಾರೆ ಅಂತ ಗೊತ್ತಿರುತ್ತದೆ. ಪಲ್ಯದಂಥದ್ದನ್ನು ನಾವೇ ಬಡಿಸುವುದು, ಅನ್ನ ಸಾರು ಅವರೇ ಹಾಕಿಕೊಳ್ಳುವುದು, ಹೀಗೆ ಇಟ್ಟುಕೊಂಡರೆ ಮೊದಲ ಪಂಕ್ತಿಯವರೇ ಪಲ್ಯ ಮುಗಿಸುವ ತೊಂದರೆ ಇರುವುದಿಲ್ಲ. ಮೂರನೇ ಪಂಕ್ತಿಗೆ ಅಂತ ಒಂದು ಪಾತ್ರೆ ತೆರೆಯದೆ ಇಟ್ಟಿರಿ. ಕೊನೆಗೆ ಬರುವವರು ಕೆಲಸದ ಒತ್ತಡದಲ್ಲಿ ತಡವಾದವರು, ಅವರಿಗೆ ತಳ ಕೆರೆದ ಅನ್ನ ಹಾಕಬಾರದು.

ಆ ಕಟ್ಟಡದ ಹೌಸ್‌ಕೀಪಿಂಗ್ ಅಮ್ಮಂದಿರು, ಸೆಕ್ಯುರಿಟಿ ಅಣ್ಣಂದಿರು ಲೆಕ್ಕದಲ್ಲಿ ಇರುವುದಿಲ್ಲ. ಒಪ್ಪಂದ ಮಾಡುವಾಗಲೇ ನಾನು ಕೇಳುತ್ತೇನೆ, ಅವರನ್ನೂ ಸಂಖ್ಯೆಗೆ ಸೇರಿಸಿ ಅಂತ. ಕೆಲವು ಆಫೀಸುಗಳು ಸಂತೋಷದಿಂದ ಒಪ್ಪಿವೆ. ಒಪ್ಪದ ಕಡೆ ನಾನೇ ಆರು ಊಟ ಜಾಸ್ತಿ ಕಳಿಸುತ್ತೇನೆ. ಉಳಿದರೆ ಕೊಡೋಣ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಅವರ ಪಾಲು ಬಿಸಿಯಾಗಿದ್ದಾಗಲೇ ತೆಗೆದಿಡುತ್ತೇವೆ.

ಉಳಿದ ಊಟವನ್ನು ಎರಡು ಭಾಗ ಮಾಡಿ ನೋಡಿ. ಮೇಜಿನ ಮೇಲೆ ತೆರೆದಿಟ್ಟದ್ದು ವಾಪಸ್ ಬಂದರೆ ಅದನ್ನು ಮತ್ತೆ ಯಾರಿಗೂ ಕೊಡಬೇಡಿ, ಹಸಿ ಕಸಕ್ಕೆ ಹಾಕಿ. ತೆರೆಯದೇ ಉಳಿದ ಪಾತ್ರೆ ಇನ್ನೂ ಬಿಸಿಯಾಗಿದ್ದರೆ ತಕ್ಷಣ ಹಂಚಬೇಕು. ರಾಬಿನ್ ಹುಡ್ ಆರ್ಮಿಯಂಥ ಸ್ವಯಂಸೇವಕರು ಇಂಥ ಊಟ ತಗೊಂಡು ಹಂಚುತ್ತಾರೆ. ನಿಮ್ಮ ಏರಿಯಾದವರ ಪರಿಚಯ ಮೊದಲೇ ಮಾಡಿಕೊಂಡಿರಿ. ಮಧ್ಯಾಹ್ನ 2.30ಕ್ಕೆ ಹುಡುಕೋಕೆ ಶುರು ಮಾಡಿದರೆ ಅಷ್ಟರಲ್ಲಿ ಊಟ ಆರಿರುತ್ತದೆ.

ಕೊನೆಗೊಂದು ಕೆಲಸ, ಇದನ್ನು ನೀವೇ ಮಾಡಿ. ವಾರಕ್ಕೆ ಒಂದು ದಿನ ಆಫೀಸಿಗೆ ಹೋಗಿ ತಟ್ಟೆ ಇಡುವ ಜಾಗದಲ್ಲಿ ನಿಂತುಕೊಳ್ಳಿ. ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಎಲ್ಲರೂ ಚೆನ್ನಾಗಿದೆ ಅಂತ ಬರೆಯುತ್ತಾರೆ, ಕಸದ ಡಬ್ಬಿ ನಿಜ ಹೇಳುತ್ತದೆ. ತಟ್ಟೆಯಲ್ಲಿ ಅನ್ನ ಉಳಿದರೆ ಸಾರು ಸರಿಯಿರಲಿಲ್ಲ. ಚಪಾತಿಯ ಅಂಚು ಉಳಿದರೆ ಒಣಗಿತ್ತು. ಪಲ್ಯ ಪೂರ್ತಿ ಉಳಿದರೆ ಆ ತರಕಾರಿ ಬೇಡವಾ, ಮಾಡಿದ ರೀತಿ ಬೇಡವಾ ಅಂತ ಅಲ್ಲೇ ಇಬ್ಬರನ್ನು ಕೇಳಿ. ಒಂದು ನೋಟ್‌ಬುಕ್‌ನಲ್ಲಿ ತಾರೀಕು, ಎಷ್ಟು ಜನ ಉಂಡರು, ಏನು ಮಾಡಿದ್ದಿರಿ, ಯಾವ ಪಾತ್ರೆಯಲ್ಲಿ ಎಷ್ಟು ಕೆಜಿ ವಾಪಸ್ ಬಂತು ಅಂತ ಬರೆಯುತ್ತಾ ಹೋಗಿ. ಮೂರು ತಿಂಗಳ ಪುಟ ತುಂಬಿದ ಮೇಲೆ ಎರಡನೇ ಆಫೀಸಿಗೆ ರೇಟು ಹೇಳಿ.